ಮೋಟಾರು ನಿಲ್ಲಿಸಿದ ಕಾರಣ

ಸೂರ ನೀರಿಗೆ ಇಳಿದರೆ ಮೋಟಾರು ನಿಲ್ಲಿಸಬೇಕು. ಅವನು ಮೇಲೆ ಬಂದ ನಂತರ ಮತ್ತೆ ಓಡಿಸಿ, ಬದಿಯ ವಾಲ್ವ್ ತೆರೆದು ಮೊದಲ ನೀರನ್ನು ತೋಡಿಗೆ ಬಿಡಬೇಕು. ಆಮೇಲೆ ವಾಲ್ವ್ ತಿರುಗಿಸಿ ಟ್ಯಾಂಕಿಗೆ ನೀರು ಏರಿಸಬಹುದು.

ಬಾಳೆಗುಂಡಿ ಪಂಪ್‌ಹೌಸಿನ ಈ ನಿಯಮ ಯಾವ ಕಾಗದದಲ್ಲೂ ಇರಲಿಲ್ಲ. ಇಪ್ಪತ್ತು ವರ್ಷ ಅಲ್ಲಿ ಆಪರೇಟರ್ ಆಗಿದ್ದ ಭೋಜ ಶೆಟ್ಟರ ಬಾಯಲ್ಲಿತ್ತು. ಮಂಡಿನೋವು ಹೆಚ್ಚಾಗಿ ಕೆಲಸ ಬಿಟ್ಟಾಗ ಅವರು ಅದನ್ನು ತಂಗಿಯ ಮಗ ಪ್ರಖ್ಯಾತನಿಗೆ ಹೇಳಿಕೊಟ್ಟರು. ಪ್ರಖ್ಯಾತ್ ಮುಂಬೈಯಲ್ಲಿ ಸಂಬಂಧಿಕರ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಿದ್ದವನು. ಹೋಟೆಲು ಮುಚ್ಚಿತು, ಊರಿಗೆ ಬಂದ, ಪಂಚಾಯತಿನ ಈ ಕೆಲಸ ಸಿಕ್ಕಿತು.

ಯಾಕೆ ನಿಲ್ಲಿಸಬೇಕು ಎಂದು ಅವನು ಕೇಳಿದ.

"ಎಂತಕೆ ಅಂದ್ರೆ? ಅಂವ ನಿಂತ ನೀರ್ ಅಲ್ದಾ ಮಾರಾಯ," ಎಂದರು ಭೋಜ ಶೆಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಸ್ಟಾರ್ಟರಿನ ಹಸಿರು ಗುಂಡಿ ಯಾವುದು, ಕೆಂಪು ಗುಂಡಿ ಯಾವುದು ಎಂದು ತೋರಿಸಿದ ದನಿಯೇ ಅದು.

ಸೂರ ಕೊರಗರವನು, ಊರು ಮುಟ್ಟಿಸಿಕೊಳ್ಳದ ಜಾತಿಯವನು. ಹೊಳೆಯಾಚೆಯ ಕಾಲೊನಿಯಲ್ಲಿ ಅವನ ಮನೆ. ಹೆಂಡತಿ ತೀರಿಕೊಂಡಿದ್ದಳು. ಮಗಳು ನಿಶ್ಮಿತಾ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು.

ಕೆರಾಡಿ ಕಡೆಯ ಕಾಡಿನಿಂದ ಇಳಿದು ಬರುವ ಹೊಳೆಗೆ ಬಾಳೆಗುಂಡಿಯಲ್ಲಿ ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿದರೆ ನೀರು ನಿಲ್ಲುತ್ತದೆ. ಆ ನೀರನ್ನು ಎಳೆದು ಊರಿಗೆ ಕೊಡುವ ಯೋಜನೆ ಶುರುವಾದ ವರ್ಷ ನಲ್ಲಿಗಳಲ್ಲಿ ಮೀನಿನ ಚೂರು ಬಂತು. ಹೊಳೆಬದಿಯ ದೇವಸ್ಥಾನದ ಕಟ್ಟೆಯ ಕೆಳಗೆ ಜನ ಅಕ್ಕಿ ಹಾಕಿ ಸಾಕಿದ ದೇವರ ಮೀನುಗಳು ಅವು. ಊರು ಒಟ್ಟಾಗಿ ಪಂಚಾಯತಿಗೆ ಹೋಯಿತು. ಅದೇ ತಿಂಗಳು ಹೊಳೆಯಿಂದ ನೀರು ಎಳೆಯುವ ಬಾಯಿಗೆ ಕಬ್ಬಿಣದ ಜಾಲರಿ ಬಂತು. ಕಿರುಬೆರಳು ತೂರದಷ್ಟು ಸಣ್ಣ ಕಣ್ಣು. ಮೀನಿನ ಮರಿಯೂ ಒಳಗೆ ಹೋಗುವಂತಿಲ್ಲ.

ಮೀನು ಉಳಿಯಿತು. ಜಾಲರಿಗೆ ಉಳಿದದ್ದೆಲ್ಲ ಬಂದು ಕಟ್ಟಿಕೊಂಡಿತು. ಕೊಳೆತ ಎಲೆ, ತೆಂಗಿನ ಮಡಲು, ಬಾಟಲಿ, ಮಕ್ಕಳ ಡೈಪರು, ದೇವಸ್ಥಾನದಿಂದ ಎಸೆದ ಹೂವಿನ ರಾಶಿ, ಒಮ್ಮೊಮ್ಮೆ ಸತ್ತ ನಾಯಿ. ಅದರ ಬುಡದಲ್ಲಿ ಹೂಳು. ಹೊಳೆಯ ಮೇಲ್ಭಾಗದಲ್ಲಿ ಪಂಚಾಯತ್ ಅಧ್ಯಕ್ಷ ಗೋವರ್ಧನ ಹೆಗ್ಡೆಯವರ ಕೆಂಪುಕಲ್ಲಿನ ಕೋರೆ ಇದೆ. ಅಲ್ಲಿನ ಮಣ್ಣು ಮಳೆಗೆ ಕರಗಿ ಇಳಿದು ಜಾಲರಿಯ ಬುಡದಲ್ಲಿ ಕೂರುತ್ತಿತ್ತು. ನುಣ್ಣಗಿನ ಕೆಂಪು ಕೆಸರು. ಉಗುರಿನ ಸಂದಿಗೆ ಹೋದರೆ ತಿಂಗಳುಗಟ್ಟಲೆ ಬಿಡುವುದಿಲ್ಲ.

ಸೂರ ಎದೆಮಟ್ಟದ ನೀರಿಗೆ ಇಳಿಯುತ್ತಿದ್ದ. ಜಾಲರಿಗೆ ಬೆನ್ನು ಕೊಟ್ಟು, ಕಾಲಿನಿಂದ ಕೆಸರು ಸಡಿಲಿಸಿ, ಮುಳುಗಿ ಹೆಡಿಗೆಗೆ ತುಂಬುತ್ತಿದ್ದ. ಹೆಡಿಗೆ ತಲೆಯ ಮೇಲಿಟ್ಟು ದಡ ಹತ್ತುತ್ತಿದ್ದ. ಕೆಸರು ನೀರು ಕಣ್ಣಿಗೆ, ಬಾಯಿಗೆ ಇಳಿಯುತ್ತಿತ್ತು. ಹೂಳು ಒಳಗೂ ತುಂಬಿದ್ದರೆ ಜಾಲರಿಯನ್ನು ಒಂದು ಮೊಳ ಮೇಲೆತ್ತಿ, ಕಲ್ಲು ಕೊಟ್ಟು ನಿಲ್ಲಿಸಿ, ಕೈ ತೂರಿಸಿ ಬಾಚಬೇಕು. ಅವನ ಕಾಲ್ಬೆರಳುಗಳ ಸಂದಿ ವರ್ಷವಿಡೀ ಬಿಳಿಚಿಕೊಂಡು ಒಡೆದಿರುತ್ತಿತ್ತು. ಚಳಿಜ್ವರ ಬಂದರೆ ಗುಣವಾದ ಮೇಲೆ ಎರಡು ಸಲದ ಕೆಲಸ ಒಟ್ಟಿಗೆ.

ಮೇಲೆ ಬಂದು ಮೈ ಒರೆಸಿಕೊಳ್ಳುವಾಗ ಅವನ ಕಣ್ಣೆದುರೇ ಬದಿಯ ವಾಲ್ವ್ ತೆರೆಯುತ್ತಿತ್ತು. ಅವನು ನಿಂತಿದ್ದ ನೀರು ತೋಡಿಗೆ ಹೋಗುತ್ತಿತ್ತು. ಇಪ್ಪತ್ತು ವರ್ಷ ಅದನ್ನು ನೋಡಿದ್ದ.

ಪ್ರಖ್ಯಾತ್ ಮೊದಲ ಸಲ ಮಾವ ಹೇಳಿದಂತೆಯೇ ಮಾಡಿದ. ತೋಡಿಗೆ ಹೋಗುವ ನೀರನ್ನು ಸೂರ ನೋಡುತ್ತಾ ನಿಂತದ್ದನ್ನು ಕಂಡ. ಮುಂದಿನ ಸಲ ಮೋಟಾರು ನಿಲ್ಲಿಸಲಿಲ್ಲ. ಸೂರ ನೀರಿನಲ್ಲೇ ನಿಂತು ಪಂಪ್‌ಹೌಸಿನತ್ತ ಕೂಗಿದ.

"ಹ್ವಾಯ್ ಸಣ್ಣ ಶೆಟ್ರೆ, ಮೋಟಾರ್ ಬಂದ್ ಆಯ್ಲಿಲ್ಲೆ."

"ಇನ್ ಬಂದ್ ಮಾಡುದಿಲ್ಲೆ ಸೂರಣ್ಣ. ನೀವ್ ನಿಂತ ನೀರೇ ಟ್ಯಾಂಕಿಗೆ ಹೋಪುದ್."

ಸೂರ ಹೆಡಿಗೆಗೆ ಇನ್ನೊಂದು ಬೊಗಸೆ ಕೆಸರು ತುಂಬಿದ. ಆಮೇಲೆ ನಕ್ಕ. ಹೆಡಿಗೆ ಹೊತ್ತು ದಡ ಹತ್ತಿದ ಮೇಲೂ ನಗುತ್ತಿದ್ದ.

"ಹಾಂಗಾರೆ ಇವತ್ತ್ ಹೆಗ್ಡೇರ ಮನಿ ಚಾಯಕ್ಕೆ ನಂದೇ ನೀರ್," ಎಂದ.

ಸುದ್ದಿ ಹರಡಿತು. ಪಂಚಾಯತ್ ಸಭೆಯಲ್ಲಿ ಗಲಾಟೆಯಾಯಿತು. ಗೋವರ್ಧನ ಹೆಗ್ಡೆಯವರು ಎಲ್ಲರನ್ನೂ ಸುಮ್ಮನಾಗಿಸಿದರು. ಇದನ್ನು ಎಳೆದರೆ ಕೇಸಾಗುತ್ತದೆ, ಪೇಪರಿನವರು ಬರುತ್ತಾರೆ, ಬಾವಿ ಇದ್ದವರು ಬಾವಿಯ ನೀರು ಕುಡಿಯಿರಿ ಎಂದರು. ಬಾವಿ ಇದ್ದವರು ಹಾಗೇ ಮಾಡಿದರು. ಬಾವಿ ಇಲ್ಲದವರು ನಲ್ಲಿಯ ನೀರನ್ನೇ ಕುಡಿದರು. ಯಾರೂ ಸಾಯಲಿಲ್ಲ.

ಪ್ರಖ್ಯಾತನ ಗೆಳೆಯನೊಬ್ಬ ಅವನ ಫೋಟೊ ಹಾಕಿ ಯುವಕ ಮಂಡಲದ ವಾಟ್ಸಾಪ್ ಗುಂಪಿನಲ್ಲಿ ಹೊಗಳಿ ನಾಲ್ಕು ಸಾಲು ಬರೆದ. ಪ್ರಖ್ಯಾತ್ ಅದನ್ನು ಮತ್ತೆ ಮತ್ತೆ ತೆರೆದು ಓದಿದ. ಕೆಳಗೆ ಬಿದ್ದ ಚಪ್ಪಾಳೆಗಳನ್ನು ನೋಡಿದ.

ಅವನ ತಾಯಿ ಅಮ್ಮಣ್ಣಿ ಬಳಕೆ ತಪ್ಪಿದ್ದ ಹಿತ್ತಿಲ ಬಾವಿಗೆ ಹೊಸ ಹಗ್ಗ ತರಿಸಿದರು. ಅಡಿಗೆಗೆ, ಕುಡಿಯಲು ಅಲ್ಲಿಂದಲೇ ಸೇದಿದರು. ಪ್ರಖ್ಯಾತ್ ಅದನ್ನು ಕಂಡ. ಕಂಡೂ ಕೇಳಲಿಲ್ಲ. ತಾಯಿ ಮುಂದಿಟ್ಟ ಚೆಂಬಿನ ನೀರನ್ನು ಕುಡಿದ. ಅವತ್ತೂ ಕುಡಿದ, ಮರುದಿನವೂ ಕುಡಿದ.

ಮೋಟಾರು ಓಡುವಾಗ ನೀರು ಎಳೆಯುತ್ತದೆ. ಜಾಲರಿ ಕಟ್ಟಿಕೊಂಡಷ್ಟೂ ಉಳಿದ ಸಂದಿಯಲ್ಲಿ ಸೆಳೆತ ಹೆಚ್ಚು. ಸೂರನ ಚಡ್ಡಿ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಜಾಲರಿ ಉಜ್ಜುವ ಬ್ರಷ್ ಕೈಯಿಂದ ಕಿತ್ತುಕೊಂಡು ಹೋದಂತೆ ಆಗುತ್ತಿತ್ತು. ಒಮ್ಮೆ ದಡದಲ್ಲಿ ಕುಳಿತು ಬೀಡಿ ಹಚ್ಚುವಾಗ ಅವನು ಅದನ್ನು ಹೇಳಿದ. ಜಾಗ್ರತೆ ಎಂದ ಪ್ರಖ್ಯಾತ್. ಮೋಟಾರು ನಿಲ್ಲಿಸಿ ಎಂದು ಸೂರ ಕೇಳಲಿಲ್ಲ. ನಿಲ್ಲಿಸಲೇ ಎಂದು ಪ್ರಖ್ಯಾತನೂ ಕೇಳಲಿಲ್ಲ. ನಿಲ್ಲಿಸುವುದೆಂದರೆ ಅವರಿಬ್ಬರ ಪಾಲಿಗೂ ಒಂದೇ ಅರ್ಥವಿತ್ತು. ಹಳೆಯದು ವಾಪಸು ಬಂತು ಎಂದು.

ಡಿಸೆಂಬರಿನಲ್ಲಿ ಅಕಾಲ ಮಳೆ ಬಂತು. ಕೋರೆಯ ಮಣ್ಣು ಕೊಚ್ಚಿಕೊಂಡು ಇಳಿಯಿತು. ಹಲಗೆ ಹಾಕಿದ್ದರಿಂದ ಮುಂದೆ ಹೋಗಲು ದಾರಿಯಿಲ್ಲ. ಜಾಲರಿಯ ಒಳಗೂ ಹೊರಗೂ ಸೊಂಟದವರೆಗೆ ಹೂಳು. ಮಧ್ಯಾಹ್ನದ ಹೊತ್ತಿಗೆ ನಲ್ಲಿಗಳಲ್ಲಿ ಕೆಂಪು ನೀರು ಬಂತು. ಅಧ್ಯಕ್ಷರು ಫೋನು ಮಾಡಿದರು. ಸೂರ ಇಳಿದ.

ಜಾಲರಿ ಎತ್ತಿದ. ಕಲ್ಲು ಕೊಟ್ಟ. ಬಲಗೈ ತೂರಿಸಿ ಬಾಚತೊಡಗಿದ. ಒಳಗೆ ಪಂಪಿಗೆ ಹೋಗುವ ಕೊಳವೆಯ ಬಾಯಿ. ಅದಕ್ಕೊಂದು ತೂತುಗಳ ಕವಚ ಇರಬೇಕು. ಅದು ತುಕ್ಕು ಹಿಡಿದು ಉದುರಿತ್ತು. ಭೋಜ ಶೆಟ್ಟರ ಕಾಲದಲ್ಲೇ ಪಂಚಾಯತಿಗೆ ತಿಳಿಸಲಾಗಿತ್ತು. ಹೊಸದು ಬಂದಿರಲಿಲ್ಲ. ಅಂಚಿನ ಚೂಪು ಕಬ್ಬಿಣ ಮಾತ್ರ ಉಳಿದಿತ್ತು. ಕೆಸರು ಸರಿದ ಕೂಡಲೇ ಕೊಳವೆ ಸೂರನ ಕೈಯನ್ನು ಒಳಗೆಳೆಯಿತು. ಭುಜದವರೆಗೆ ಹೋಯಿತು. ಕೆನ್ನೆ ಕಾಂಕ್ರೀಟಿಗೆ ಒತ್ತಿತು. ನೀರು ಮೂಗಿನ ಮಟ್ಟಕ್ಕೆ ಬಂತು. ಅವನು ಕೂಗಿದ. ಕೂಗಲು ಬಾಯಿ ತೆರೆದಾಗೆಲ್ಲ ಕೆಸರು ಒಳಗೆ ಹೋಯಿತು.

ಪ್ರಖ್ಯಾತ್ ಮೂವತ್ತು ಅಡಿ ದೂರದ ಕೋಣೆಯಲ್ಲಿದ್ದ. ಮೋಟಾರಿನ ಸದ್ದಿನಲ್ಲಿ ಏನೂ ಕೇಳಲಿಲ್ಲ. ಆದರೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿದದ್ದನ್ನು ಕಂಡ. ಕೊಳವೆಗೆ ಏನೋ ಅಡ್ಡ ಬಂದಿದೆ. ಕಸವಿರಬೇಕು. ಸೂರಣ್ಣ ಇದ್ದಾನಲ್ಲ, ತೆಗೆಯುತ್ತಾನೆ.

ಅವನು ಕಾದ. ಮುಳ್ಳನ್ನು ನೋಡುತ್ತಾ ಕಾದ. ಮುಳ್ಳು ಏರಲಿಲ್ಲ. ಆಮೇಲೆ ಹೊರಗೆ ಬಂದು ನೋಡಿದ.

ಕೆಂಪು ಗುಂಡಿ ಒತ್ತಿದಾಗ ಸೂರ ಮೈ ಸಡಿಲ ಬಿಟ್ಟಿದ್ದ. ಕೈ ಹೊರಗೆ ಬಂತು. ತುಕ್ಕು ಕಬ್ಬಿಣ ಮುಂಗೈಯಿಂದ ಮೊಣಕೈಯವರೆಗೆ ಸೀಳಿತ್ತು. ಎಲುಬು ಕಾಣುತ್ತಿತ್ತು. ಸೀಳಿನೊಳಗೆಲ್ಲ ಕೆಸರು ಮೆತ್ತಿತ್ತು. ಆಸ್ಪತ್ರೆಯಲ್ಲಿ ತೊಳೆದರು, ಹೊಲಿದರು. ನಂಜು ಏರಿತು. ಮೊಣಕೈಯ ಮೇಲೆ ಕತ್ತರಿಸಿದರು.

ತಾಲೂಕಿನಿಂದ ವಿಚಾರಣೆಗೆ ಅಧಿಕಾರಿ ಬರುತ್ತಾರೆ ಎಂದು ತಿಳಿದಾಗ ಗೋವರ್ಧನ ಹೆಗ್ಡೆಯವರು ಒಂದು ಹೇಳಿಕೆ ಟೈಪ್ ಮಾಡಿಸಿದರು. ಜಾಲರಿ ಸ್ವಚ್ಛಗೊಳಿಸುವಾಗ ಕೆಲಸಗಾರನ ಸುರಕ್ಷತೆಗಾಗಿ ಮೋಟಾರು ನಿಲ್ಲಿಸುವ ಪದ್ಧತಿ ಮೊದಲಿನಿಂದಲೂ ಇತ್ತು. ಹೊಸ ಆಪರೇಟರ್ ಯಾರನ್ನೂ ಕೇಳದೆ ಅದನ್ನು ಮುರಿದರು. ಇಷ್ಟೇ. ಕೆಳಗೆ ಸೂರನ ಹೆಬ್ಬೆಟ್ಟಿಗೆ ಜಾಗ. ಹೆಬ್ಬೆಟ್ಟು ಒತ್ತಿದರೆ ಪರಿಹಾರಕ್ಕೆ ಪಂಚಾಯತಿನ ಶಿಫಾರಸು. ನಿಶ್ಮಿತಾಳಿಗೆ ಪಂಚಾಯತ್ ಕಚೇರಿಯಲ್ಲಿ ಕೆಲಸ. ಒತ್ತದಿದ್ದರೆ ಸೂರ ಕುಡಿದು ನೀರಿಗೆ ಇಳಿದಿದ್ದ ಎನ್ನಲು ಸಾಕ್ಷಿಗಳು ತಯಾರಿದ್ದರು.

ಕವಚ ಬದಲಿಸದ ಮಾತು ಅದರಲ್ಲಿ ಇರಲಿಲ್ಲ. ಕೋರೆಯ ಮಾತು ಇರಲಿಲ್ಲ.

ಪ್ರಖ್ಯಾತ್ ಅದನ್ನು ಓದಿದ. ತನ್ನ ಕೆಲಸ ಹೋಗುತ್ತದೆ. ಕೇಸೂ ಆಗಬಹುದು. ಆಗಲಿ ಎನಿಸಿತು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿದಂತಾಯಿತು. ತಪ್ಪು ತನ್ನದು, ಶಿಕ್ಷೆಯೂ ತನಗೇ ಬರಲಿ, ಸೂರಣ್ಣನಿಗೆ ಹಣ ಬರಲಿ. ಕಾಗದವನ್ನು ತಾನೇ ಕಾಲೊನಿಗೆ ಒಯ್ಯುತ್ತೇನೆ ಎಂದು ಅಧ್ಯಕ್ಷರಿಗೆ ಹೇಳಿದ.

ಸೂರ ಜಗಲಿಯಲ್ಲಿ ಕೂತಿದ್ದ. ಮೊಂಡು ತೋಳಿಗೆ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಬೀಡಿ ಹಚ್ಚಲು ನೋಡಿದ. ಕಡ್ಡಿ ಗೀರಲು ಪೆಟ್ಟಿಗೆ ಹಿಡಿಯುವ ಕೈ ಇರಲಿಲ್ಲ. ಪೆಟ್ಟಿಗೆಯನ್ನು ಕಾಲ್ಬೆರಳಿನ ನಡುವೆ ಸಿಕ್ಕಿಸಿ ಗೀರಿದ. ಪ್ರಖ್ಯಾತ್ ಕೈ ಚಾಚಿದ್ದ. ಸೂರ ಅದನ್ನು ನೋಡದವನಂತೆ ಇದ್ದ.

ಪ್ರಖ್ಯಾತ್ ಕಾಗದ ಓದಿ ಹೇಳಿದ. ಸುರಕ್ಷತೆ ಎನ್ನುವ ಸಾಲು ಬಂದಾಗ ಸೂರ ಇನ್ನೊಮ್ಮೆ ಓದಿಸಿದ. ನಿಮ್ಮ ಜೀವಕ್ಕೆ ತೊಂದರೆ ಆಗಬಾರದು ಅಂತ ಮೋಟಾರು ನಿಲ್ಲಿಸುತ್ತಿದ್ದರು ಎಂದು ಅರ್ಥ, ಎಂದು ಪ್ರಖ್ಯಾತ್ ವಿವರಿಸಿದ. ತನ್ನ ಮೇಲೆ ಎಲ್ಲ ಹಾಕಿಬಿಡಿ, ಹೆಬ್ಬೆಟ್ಟು ಒತ್ತಿ, ಕೈ ಮುಗಿಯುತ್ತೇನೆ ಎಂದ. ನಿಜವಾಗಿಯೂ ಕೈ ಮುಗಿದ.

ಕಾರ್ಖಾನೆಯಿಂದ ಆಗಷ್ಟೇ ಬಂದ ನಿಶ್ಮಿತಾ ಬಾಗಿಲಲ್ಲಿ ನಿಂತಿದ್ದಳು. ಗೇರುಬೀಜದ ಎಣ್ಣೆಗೆ ಅವಳ ಬೆರಳುಗಳ ಚರ್ಮ ಕಪ್ಪಾಗಿ ಸುಲಿದಿತ್ತು.

"ನಿಮ್ಗ್ ನಿದ್ರಿ ಬರ್ಕ್ ಅಂದೇಳಿ ನನ್ನಪ್ಪ ಸುಳ್ಳಿಗ್ ಹೆಬ್ಬೆಟ್ಟ್ ಒತ್ತ್‌ಕಾ?" ಎಂದಳು.

ಪ್ರಖ್ಯಾತ್ ಮುಗಿದ ಕೈ ಇಳಿಸಿದ. ಅವಳು ಹೇಳಿದ್ದು ಸರಿಯಾಗಿತ್ತು.

ಸೂರ ಮಗಳನ್ನು ತಡೆದ. ತಪ್ಪು ಇವರೊಬ್ಬರದೇ ಅಲ್ಲ, ಮೋಟಾರು ಓಡುತ್ತಿದ್ದಾಗ ನನಗೂ ಖುಷಿಯಿತ್ತು, ನೀರು ಎಳೆಯುವುದು ಗೊತ್ತಾದರೂ ಬಾಯಿಬಿಟ್ಟು ಹೇಳಲಿಲ್ಲ ಎಂದ. ಆಮೇಲೆ ಪ್ರಖ್ಯಾತನನ್ನು ನೋಡಿದ.

"ನಿಮ್ಮನೆಲೂ ಅದೇ ನೀರ್ ಕುಡ್ದಿರಲ್ದಾ?"

"ಹೌದ್," ಎಂದ ಪ್ರಖ್ಯಾತ್.

ಸೂರ ತಲೆಯಾಡಿಸಿದ. ಅವನ ಮುಖದಲ್ಲಿ ಸಮಾಧಾನ ಕಂಡಿತು. ಆ ಸಮಾಧಾನವನ್ನು ನೋಡಲಾಗದೆ ಪ್ರಖ್ಯಾತ್ ಎದ್ದ. ಕಾಗದದ ವಿಷಯಕ್ಕೆ ಸೂರ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ವಿಚಾರಣೆಗೆ ಬರುತ್ತೇನೆ ಎಂದಷ್ಟೇ ಹೇಳಿದ.

ವಿಚಾರಣೆ ಪಂಚಾಯತ್ ಸಭಾಂಗಣದಲ್ಲಿ ನಡೆಯಿತು. ಅಧಿಕಾರಿ ಮಧ್ಯವಯಸ್ಸಿನ ಹೆಂಗಸು. ಅಧ್ಯಕ್ಷರು, ಭೋಜ ಶೆಟ್ಟರು ಮುಂದಿನ ಕುರ್ಚಿಗಳಲ್ಲಿದ್ದರು. ಸೂರನನ್ನೂ ನಿಶ್ಮಿತಾಳನ್ನೂ ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿದ್ದರು. ಅಧಿಕಾರಿಯೇ ಕರೆದು ಮುಂದೆ ಕೂರಿಸಿದರು.

ಮೊದಲು ಭೋಜ ಶೆಟ್ಟರು ಹೇಳಿದರು. ತನ್ನ ಕಾಲದಲ್ಲಿ ಒಂದು ಸಲವೂ ಅಪಘಾತ ಆಗಲಿಲ್ಲ, ಸೂರ ನೀರಿಗೆ ಇಳಿದರೆ ಮೋಟಾರು ನಿಂತೇ ನಿಲ್ಲುತ್ತಿತ್ತು, ಅವನನ್ನು ಮನೆಯವನ ಹಾಗೆ ನೋಡಿಕೊಂಡಿದ್ದೆವು ಎಂದರು. ಹೇಳುತ್ತ ಹೇಳುತ್ತ ಅವರ ಕಣ್ಣು ಒದ್ದೆಯಾಯಿತು. ತಾವು ಹೇಳಿದ್ದನ್ನು ಅವರೇ ನಂಬಿದಂತಿತ್ತು. ಪ್ರಖ್ಯಾತ್ ಎದ್ದು ಮೋಟಾರು ಓಡುತ್ತಿತ್ತು, ನಿಲ್ಲಿಸದವನು ನಾನೇ, ಮುಳ್ಳು ಇಳಿದದ್ದು ಕಂಡೂ ಕಾದೆ ಎಂದ. ಅಧಿಕಾರಿ ಬರೆದುಕೊಂಡರು. ಹೇಳಿಕೆಗೂ ಮಾತಿಗೂ ತಾಳೆಯಾಯಿತು. ಉಳಿದದ್ದು ಹೆಬ್ಬೆಟ್ಟು.

ಗುಮಾಸ್ತ ಶಾಯಿಯ ಪೆಟ್ಟಿಗೆ ತೆರೆದು ಸೂರನ ಎಡಗೈ ಹಿಡಿದ. ಸೂರ ಕೈ ಎಳೆದುಕೊಂಡ.

"ಒತ್ತುದಿಲ್ಲೆ," ಎಂದ.

ಅಧ್ಯಕ್ಷರು ಹಿಂದಿನಿಂದ ಬಗ್ಗಿ ಏನೋ ಹೇಳಿದರು. ಮಗಳ ಕೆಲಸದ ಮಾತು ಎಂದು ಹತ್ತಿರ ಇದ್ದವರಿಗೆ ಕೇಳಿಸಿತು. ಸೂರ ತಿರುಗಲಿಲ್ಲ. ಅಧಿಕಾರಿಯತ್ತ ನೋಡಿ ಮಾತಾಡಿದ.

"ಮೇಡಮ್ಮ, ಇದ್ರಗ್ ಬರ್ದದ್ದ್ ಸುಳ್ಳ್. ಇವ್ರ್ ಮೋಟಾರ್ ಬಂದ್ ಮಾಡ್ತಿದ್ದದ್ದ್ ನನ್ ಜೀವಕ್ಕಲ್ಲ. ನಾ ನಿಂತ ನೀರ್ ಇವ್ರ್ ಬಾಯಿಗ್ ಹೋಪುಕಾಗ, ಅದ್ಕೆ. ನನ್ ಜೀವ ಉಳ್ಸೂಕ್ ಆರೆ, ನಾ ಮೇಲ್ ಬಂದ್ ನಿಂತ್ ಮೇಲೆ ನೀರ್ ತೋಡಿಗ್ ಎಂತಕ್ ಚೆಲ್ತಿದ್ರ್? ಆಗ ನಾ ನೀರಗ್ ಇದ್ದಿರ್ಲಿಲ್ಲೆ ಅಲ್ದಾ."

ಅಧಿಕಾರಿ ಪೆನ್ನು ಕೆಳಗಿಟ್ಟರು. ನೀರು ಯಾಕೆ ಚೆಲ್ಲುತ್ತಿದ್ದಿರಿ ಎಂದು ಭೋಜ ಶೆಟ್ಟರನ್ನು ಕೇಳಿದರು. ಭೋಜ ಶೆಟ್ಟರು ಅಧ್ಯಕ್ಷರ ಮುಖ ನೋಡಿದರು. ಕೊಳವೆ ತೊಳೆಯಲಿಕ್ಕೆ ಎಂದರು ಅಧ್ಯಕ್ಷರು.

"ಕೈ ಹೋಯ್ತ್," ಎಂದ ಸೂರ. "ಅದ್ ಹೋಯ್ತ್. ಇಪ್ಪತ್ತ್ ವರ್ಷ ಇವ್ರ್ ನಂಗ್ ಮಾಡ್ದದ್ದನ್ನ ಉಪಕಾರ ಅಂದ್ಕಂಡ್ ಹೆಬ್ಬೆಟ್ಟ್ ಒತ್ತೂಕ್ ನನ್ನತ್ರ ಆತಿಲ್ಲೆ. ಪರಿಹಾರ ಕೊಡುದಿದ್ರೆ ನಿಜ ಬರ್ದ್ ಕೊಡಿ. ಇಲ್ದಿದ್ರೆ ಬ್ಯಾಡ."

ಇನ್ನು ತಮ್ಮ ಕಾಲೊನಿಯಿಂದ ಯಾರೂ ಆ ಜಾಲರಿಗೆ ಇಳಿಯುವುದಿಲ್ಲ ಎಂದೂ ಬರೆದುಕೊಳ್ಳಿ ಎಂದಳು ನಿಶ್ಮಿತಾ. ಮೋಟಾರು ನಿಲ್ಲಿಸಿದರೂ ಇಲ್ಲ, ಓಡಿಸಿದರೂ ಇಲ್ಲ.

ಅಧಿಕಾರಿ ಪ್ರಖ್ಯಾತನ ಕಡೆ ತಿರುಗಿದರು. ಈತ ಹೇಳುವುದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು.

ಪ್ರಖ್ಯಾತ್ ಮತ್ತೆ ಎದ್ದ. ತಾನೊಬ್ಬನೇ ತಪ್ಪಿತಸ್ಥ ಎಂದು ಹೇಳುವುದು ಸುಲಭವಾಗಿತ್ತು. ಅದರಲ್ಲಿ ಒಂದು ದೊಡ್ಡಸ್ತಿಕೆಯೂ ಇತ್ತು. ಈಗ ಹೇಳಬೇಕಾದದ್ದರಲ್ಲಿ ದೊಡ್ಡಸ್ತಿಕೆ ಇರಲಿಲ್ಲ. ಎದುರಿಗೆ ತಾಯಿಯ ಅಣ್ಣ ಕೂತಿದ್ದರು. ಅವನನ್ನು ಸಾಕಿದವರು.

ಗೊತ್ತಿತ್ತು ಎಂದ. ಕೆಲಸಕ್ಕೆ ಸೇರಿದ ದಿನವೇ ಮಾವ ಹೇಳಿಕೊಟ್ಟಿದ್ದರು ಎಂದ. ಸೂರ ನಿಂತ ನೀರು ಅಂತ ಚೆಲ್ಲುತ್ತಿದ್ದರು. ಬೇರೆ ಕಾರಣ ಇರಲಿಲ್ಲ. ಪಂಚಾಯತಿಗೆ ಇದೆಲ್ಲ ತಿಳಿದಿತ್ತು. ಕವಚ ಮುರಿದದ್ದೂ ತಿಳಿದಿತ್ತು.

ಭೋಜ ಶೆಟ್ಟರು ಎದ್ದು ಕುಂಟುತ್ತಾ ಹೊರಗೆ ಹೋದರು.

ಪ್ರಖ್ಯಾತ್ ಕೂರಲಿಲ್ಲ. ಸೂರನತ್ತ ತಿರುಗಿದ. ನೋಡಲು ಆಗಲಿಲ್ಲ, ಅವನ ಮುಂದಿನ ಮೇಜನ್ನು ನೋಡಿ ಹೇಳಿದ.

"ಸೂರಣ್ಣ, ಮೊನ್ನೆ ನಿಮ್ಮನೆಲ್ ನಾ ಸುಳ್ಳ್ ಹೇಳ್ದೆ. ನಾ ಆ ನೀರ್ ಕುಡೀಲಿಲ್ಲೆ. ಅಮ್ಮ ಬಾವಿಂದ ಸೇದ್ತಿದ್ರ್. ನಂಗ್ ಗೊತ್ತಿದ್ದಿತ್ತ್. ಅದನ್ನೇ ಕುಡ್ದೆ."

ಸೂರ ಬೈಯಲಿಲ್ಲ. ಉಗುಳಲಿಲ್ಲ. ಮೇಜಿನ ಮೇಲಿದ್ದ ಶಾಯಿಯ ಪೆಟ್ಟಿಗೆಯನ್ನು ಎಡಗೈಯಿಂದ ಮುಚ್ಚಿ ಎದ್ದ.

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಟೈಪ್ ಮಾಡಿದ ಹೇಳಿಕೆಯನ್ನೂ ಕಡತಕ್ಕೆ ಸೇರಿಸಿದರು. ವರದಿ ಮೇಲಕ್ಕೆ ಹೋಗುತ್ತದೆ, ಸಮಯ ಹಿಡಿಯುತ್ತದೆ ಎಂದರು. ಎಷ್ಟು ಸಮಯ ಎಂದು ನಿಶ್ಮಿತಾ ಕೇಳಿದಳು. ಹೇಳಲು ಬರುವುದಿಲ್ಲ ಎಂದರು. ಕಚೇರಿಯ ಕೆಲಸದ ಮಾತನ್ನು ಅಧ್ಯಕ್ಷರು ಮತ್ತೆ ಎತ್ತಲಿಲ್ಲ.

ಹೊರಗೆ ಬಿಸಿಲು. ಪಂಚಾಯತಿನ ಎದುರು ಟ್ಯಾಂಕರಿನ ಸುತ್ತ ಕೊಡಗಳ ಸಾಲು. ಸೂರ ಆಸ್ಪತ್ರೆ ಸೇರಿದ ಮೇಲೆ ಜಾಲರಿಗೆ ಯಾರೂ ಇಳಿದಿರಲಿಲ್ಲ. ಹೂಳು ಕೊಳವೆಯ ಬಾಯಿಯನ್ನು ಮುಚ್ಚಿತ್ತು. ಸಾಲಿನಲ್ಲಿದ್ದವರು ಸೂರನನ್ನು ನೋಡಿದರು. ಅವನ ಖಾಲಿ ತೋಳನ್ನು ನೋಡಿದರು. ಕೆಲವರು ಕೊಡ ಎತ್ತಿ ದಾರಿ ಬಿಟ್ಟರು. ಗೌರವಕ್ಕೋ, ಮುಟ್ಟೀತೆಂದೋ, ತಿಳಿಯುವಂತಿರಲಿಲ್ಲ.

ಅಪ್ಪ, ಮಗಳು ರಸ್ತೆಗೆ ಇಳಿದರು. ಪ್ರಖ್ಯಾತ್ ಬೈಕಿನ ಬಳಿ ನಿಂತಿದ್ದ.

"ಸೂರಣ್ಣ, ಬೈಕಲ್ ಬತ್ರಿಯಾ? ಮನಿ ತನ್ಕ ಬಿಡ್ತೆ."

ಸೂರ ನಿಂತ.

"ಇವತ್ತ್ ನನ್ನತ್ರ ಕೇಂಡ್ರಿ," ಎಂದ. "ಬಪ್ಪುದಿಲ್ಲೆ."

ಇಬ್ಬರೂ ನಡೆದುಹೋದರು. ಸೂರನ ಮೈ ಎಡಕ್ಕೆ ವಾಲುತ್ತಿತ್ತು, ಇಲ್ಲದ ಕೈಯ ಭಾರವನ್ನು ಮೈ ಇನ್ನೂ ಲೆಕ್ಕಕ್ಕೆ ಹಿಡಿದಿತ್ತು. ಪ್ರಖ್ಯಾತ್ ಬೈಕು ಶುರು ಮಾಡಲಿಲ್ಲ. ಶುರು ಮಾಡಿದರೆ ಅವರನ್ನು ದಾಟಿಕೊಂಡೇ ಹೋಗಬೇಕಿತ್ತು. ಊರಿಗೆ ಇದ್ದದ್ದು ಅದೊಂದೇ ರಸ್ತೆ.